ಮಗ್ಗ ನಿಂತ ಮ್ಯಾಲ ಕರಿ

ಅಮೃತವ್ವ ಬೆಳ್ಳಟ್ಟಿಯ ಹುಡುಗಿ. ಆಕೆಯ ತವರಿನವರು ಮಗ್ಗ ಬಿಟ್ಟು ಒಕ್ಕಲುತನ ಹಿಡಿದು ಎರಡು ತಲೆಮಾರು ಕಳೆದಿತ್ತು. ಹೀಗಾಗಿ ಬೆಟಗೇರಿಯ ನೇಕಾರ ಓಣಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಆಕೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ನಸುಕಿನಲ್ಲಿ ಯಾರದೋ ಒಂದು ಮನೆಯಲ್ಲಿ ಶುರುವಾದ ಖಟಪಟ ಸದ್ದು ಹೊತ್ತೇರುವುದರೊಳಗೆ ಇಡೀ ಓಣಿಗೆ ಹಬ್ಬುತ್ತಿತ್ತು. "ಇದೇನ ಓಣಿನೋ, ಗಿರಣಿನೋ" ಎಂದು ಗಂಡನ ಮುಂದೆ ಅತ್ತಿದ್ದಳು. ವರ್ಷ ಕಳೆದು ಪಂಚಮಿಗೆ ತವರಿಗೆ ಹೋದಾಗ ಅಲ್ಲಿ ಸಪ್ಪಳವಿಲ್ಲದ ಮನೆಯಲ್ಲಿ ನಿದ್ದೆ ಬರದೆ ಹೊರಳಾಡಿದಳು. ಮನುಷ್ಯರ ಕಿವಿಗೆ ನಾಚಿಕೆಯಿಲ್ಲ, ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತದೆ.

ಗಂಡ ಸಕ್ರಪ್ಪ ಸಾಧು ಮನುಷ್ಯ. ಎದೆಯಲ್ಲಿ ಗೊರಗೊರ ಇಟ್ಟುಕೊಂಡೇ ನೇಯ್ದು, ಕೆಮ್ಮಿಕೊಂಡೇ ಒಂದು ದಿನ ಹೋಗಿಬಿಟ್ಟ. ಆಗ ಮಗಳು ಮಾಳವ್ವನಿಗೆ ಮೂರು ವರ್ಷ. ಆ ಓಣಿಯಲ್ಲಿ ಹೆಂಗಸರ ಕೆಲಸ ಕಂಡಿಕೆಗೆ ನೂಲು ಸುತ್ತುವುದು, ನೇಯುವುದು ಗಂಡಸರ ಪಾಲು. ಅಮೃತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಕುಣಿಯಲ್ಲಿ ಕಾಲಿಟ್ಟು ತುಳಿಯುವ ಗಂಡನ ಕುಣಿಮಗ್ಗಕ್ಕೆ ಇಳಿದಾಗ ಕಟ್ಟೆಯ ಮೇಲೆ ಕೂತವರು ನಕ್ಕರು. ನಕ್ಕವರಲ್ಲಿ ಒಬ್ಬರೂ ಆಕೆಯ ಮನೆಗೆ ಒಂದು ಸೇರು ಜೋಳ ಕಳಿಸಲಿಲ್ಲ. ಆಕೆ ನೇಯುತ್ತ ನೇಯುತ್ತ ಕಲಿತಳು. ಕಲಿತ ಮೇಲೆ ನಗುವವರೂ ಸುಮ್ಮನಾದರು.

ಆಕೆಯ ನಿಜವಾದ ಸಂಕಟ ಮಗ್ಗದ್ದಲ್ಲ, ಮಗಳದ್ದು. ಮಾಳಿ ಏಳು ವರ್ಷದವಳಾದರೂ ಒಂದು ಮಾತು ಆಡಿರಲಿಲ್ಲ. ಕಿವಿ ಕೇಳುತ್ತಿತ್ತು. ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದಳು, ಮಳೆ ಬಂದರೆ ಓಡಿ ಬಾಗಿಲಿಗೆ ಬರುತ್ತಿದ್ದಳು. ಆದರೆ ಯಾರ ಮುಖವನ್ನೂ ದಿಟ್ಟಿಸುತ್ತಿರಲಿಲ್ಲ. ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸುತ್ತ, ಕೆಡವುತ್ತ, ಮತ್ತೆ ನಿಲ್ಲಿಸುತ್ತ ದಿನ ಕಳೆಯುತ್ತಿದ್ದಳು. ಅತ್ತೆ ರಾಮವ್ವ ಮೊಮ್ಮಗಳ ನಾಲಿಗೆಗೆ ಜೇನಿನಲ್ಲಿ ಬಜೆ ತೇದು ಹಚ್ಚಿದಳು, ಶಿರಹಟ್ಟಿಗೆ ಹೋಗಿ ಹರಕೆ ಹೊತ್ತಳು. ಗೋಡೆಗೆ ಗೋಡೆ ಹತ್ತಿದ, ಗಾದಿ ಮಾಡುವ ಪಿಂಜಾರರ ಮನೆಯ ಅಮೀನಬಿ ದರ್ಗಾದ ದಾರ ತಂದು ಕೈಗೆ ಕಟ್ಟಿದಳು. ಓಣಿಯವರು ಮಾತ್ರ "ಮೂಗಿ" ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಮೃತವ್ವ ಮಗಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡುತ್ತಿದ್ದಳು. ಒಂದೇ ಒಂದು ಸಲ ಮಗಳು ಅವ್ವಾ ಅಂದರೆ ಸಾಕು, ಮುಂದಿನದು ಹೇಗಾದರೂ ಆಗಲಿ ಎನ್ನುವುದೊಂದೇ ಆಕೆಯ ಆಸೆ.

ಗದಗ ಬೇರೆ ಜಿಲ್ಲೆಯಾದ ಮೇಲೆ ಮಂದಿಗೆ ಒಂದು ಅನುಕೂಲವಾಗಿತ್ತು. ಧಾರವಾಡಕ್ಕೆ ಹೋಗಿ ಬೈಸಿಕೊಂಡು ಬರುತ್ತಿದ್ದವರು ಈಗ ಇಲ್ಲೇ ಬೈಸಿಕೊಳ್ಳಬಹುದಿತ್ತು. ಹೊಸ ಕಚೇರಿಗಳ ಜೊತೆಗೆ ಹೊಸ ಯೋಜನೆಗಳೂ ಬಂದವು. ಅಂಥ ಒಂದು ಯೋಜನೆಯ ಬೆನ್ನಿಗೆ ಮಂಜುಳಾ ಅನ್ನುವ ಅಕ್ಕೋರು ಓಣಿಗೆ ಬಂದರು. ಮಾತು ಬಾರದ ಮಕ್ಕಳ ಮನೆಗೆ ಹೋಗಿ ಕಲಿಸುವುದು ಅವರ ಕೆಲಸ. ಮೊದಲ ದಿನ ಅವರು ಏನೂ ಕಲಿಸಲಿಲ್ಲ. ಗೋಡೆಗೆ ಒರಗಿ ಕೂತು ಮಧ್ಯಾಹ್ನದವರೆಗೆ ಮಾಳಿಯನ್ನೂ ರಾಮವ್ವನನ್ನೂ ನೋಡಿದರು, ಅಷ್ಟೆ.

"ಅಮೃತವ್ವಾ, ಇಕಿ ಯಾಕ ಮಾತಾಡಬೇಕು, ಹೇಳ್ರಿ ನೋಡೋಣು" ಎಂದು ಕೊನೆಗೆ ಕೇಳಿದರು.

"ಅಂದ್ರ? ತಿಳೀಲಿಲ್ರಿ ಅಕ್ಕೋರ."

"ನೀರಡಿಕಿ ಆಗೂಕಿಂತ ಮೊದಲ ನೀರು, ಹಸಿವಿ ಆಗೂಕಿಂತ ಮೊದಲ ರೊಟ್ಟಿ. ನಿಮ್ಮ ಅತ್ತಿ ಆಕಿ ಬಾಯಿ ತೆರೆಯೂದಕ್ಕ ಜಾಗಾನ ಬಿಟ್ಟಿಲ್ಲ. ಹೊಟ್ಟಿ ತುಂಬಿದವ್ರ ಮುಂದ ಹೋಳಿಗಿ ಇಟ್ರೂ ಕಣ್ಣೆತ್ತಿ ನೋಡಂಗಿಲ್ಲ. ಬೇಕು ಅನ್ನೂದು ಮೊದಲ ಹುಟ್ಟಬೇಕು. ಅದರ ಬೆನ್ನ ಹಿಂದ ಮಾತು ಬರತೈತಿ."

ಅವರು ಹೇಳಿಕೊಟ್ಟ ದಾರಿ ಸರಳವಾಗಿತ್ತು. ನೀರಿನ ಕೊಡವನ್ನು ಮಾಳಿಯ ಕೈಗೆ ಎಟುಕದ ಹಾಗೆ ಎತ್ತರದಲ್ಲಿಡಬೇಕು. ಆಕೆ ಬಂದು ಕೊಡದ ಕಡೆ ನೋಡಿದಾಗ ತಂಬಿಗೆಯಲ್ಲಿ ನೀರು ಹಿಡಿದು, "ನೀರ" ಎಂದು ಹೇಳಿ, ತುಸು ಕಾಯಬೇಕು. ಬಾಯಿಂದ ಎಂಥದೇ ಸ್ವರ ಬರಲಿ, ಬಂದ ತಕ್ಷಣ ಕೊಡಬೇಕು. "ಆದ್ರ ಅಳೂತನಕ ಕಾಯಬ್ಯಾಡ್ರಿ" ಎಂದು ಅಕ್ಕೋರು ಒತ್ತಿ ಹೇಳಿದ್ದರು. "ನೀರಡಿಕಿ ಬ್ಯಾರೆ, ಹಿಂಸಾ ಬ್ಯಾರೆ."

ರಾಮವ್ವನಿಗೆ ಸಿಟ್ಟು ನೆತ್ತಿಗೇರಿತು. "ಬೆಟಗೇರ್ಯಾಗ ನಳಾ ನಮ್ಮನ್ನ ಕಾಡಸೂದು ಸಾಲದು ಅಂತ ಈಗ ನೀವೂ ಕೂಸಿಗೆ ನೀರಿಗೆ ಕಾಡಸ್ರಿ! ಎಂಥಾ ಶಾಲಿ ಕಲ್ತು ಬಂದೀರವ್ವಾ" ಎಂದು ಹಿತ್ತಲಿಗೆ ಎದ್ದುಹೋದಳು. ಹದಿನೈದು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಮುದುಕಿಯ ಮಾತಿಗೆ ಯಾರೂ ಎದುರಾಡುವಂತಿರಲಿಲ್ಲ.

ಅಮೃತವ್ವ ಮಾತ್ರ ಹಟ ಹಿಡಿದಳು. ಮೊದಲು "ನ್ಯಾ" ಅನ್ನುವಂಥ ಒಂದು ಸ್ವರ ಬಂತು. ಆಮೇಲೆ ತುಟಿ ಕೂಡಿಸಿ, ಬಿಡಿಸಿ, ಒಂದು ಬೇಸಿಗೆಯ ಬೆಳಗ್ಗೆ "ನೀರ" ಎಂದಳು ಮಾಳಿ. ಅಮೃತವ್ವ ತುಂಬಿದ ತಂಬಿಗೆಯನ್ನೇ ಆಕೆಯ ಕೈಗೆ ಕೊಟ್ಟಳು. ಅದಾದ ಮೇಲೆ "ರೊಟ್ಟಿ" ಬಂತು. "ಅವ್ವಾ" ಎಲ್ಲದಕ್ಕಿಂತ ಕೊನೆಗೆ ಬಂತು, ಯಾಕೆಂದರೆ ಅವ್ವ ಯಾವಾಗಲೂ ಎದುರಿಗೇ ಇರುತ್ತಿದ್ದಳು. ಅಕ್ಕೋರು ಅಮೃತವ್ವನನ್ನು ಬಾಗಿಲ ಮರೆಗೆ ನಿಲ್ಲಿಸಿ, ಕರೆದರೆ ಮಾತ್ರ ಹೊರಬರಬೇಕೆಂದು ಹೇಳಿ ಆ ಮಾತನ್ನು ತರಿಸಿದರು. ಆ ದಿನ ಅಮೀನಬಿಯ ಮನೆಗೆ ಸಕ್ಕರೆ ಹೋಯಿತು, ರಾಮವ್ವ ಮೊಮ್ಮಗಳ ದೃಷ್ಟಿ ತೆಗೆದಳು. ಅಮೃತವ್ವ ಕುಣಿಯಲ್ಲಿ ಕೂತು ಯಾರಿಗೂ ಕಾಣದಂತೆ ಅತ್ತಳು.

ಆದರೆ ಸುಖಕ್ಕೂ ಒಂದು ಕಿರಿಕಿರಿ ಇರುತ್ತದೆ. ಮಾತು ಸಿಕ್ಕ ಹುಡುಗಿ ಅದನ್ನು ಹಿಡಿದುಕೊಂಡು ಓಡಾಡತೊಡಗಿದಳು. ಬೆಳಗಿನಿಂದ ಬೈಗಿನವರೆಗೆ ಅವ್ವಾ ನೀರ, ಅವ್ವಾ ರೊಟ್ಟಿ, ಅವ್ವಾ ಅವ್ವಾ. ಮಗ್ಗದ ಮೇಲೆ ಕೂತವರಿಗೆ ಇದು ಆಗದು. ಕೈಯ ಏಟು, ಕಾಲಿನ ತುಳಿತ ಒಂದೇ ಹದದಲ್ಲಿ ಸಾಗಬೇಕು. ನಡುವೆ ಮನಸ್ಸು ಆಚೀಚೆ ಆದರೆ ಬಟ್ಟೆಯಲ್ಲಿ ಅಡ್ಡ ಗೆರೆ ಏಳುತ್ತದೆ. ಸೀರೆ ಒಯ್ಯುವ ಸಾವಕಾರನ ಕಡೆಯವನು ಅದನ್ನು ಬೆಳಕಿಗೆ ಹಿಡಿದು, ಆ ಗೆರೆಯ ಮೇಲೇ ಬೆರಳಿಟ್ಟು, ಮಡಚಿ ವಾಪಸು ಎಸೆಯುತ್ತಾನೆ.

"ಮಗ್ಗ ನಿಂತ ಮ್ಯಾಲ ಕರಿ" ಎಂದು ಅಮೃತವ್ವ ಮಗಳಿಗೆ ಹೇಳಿದಳು. ಹೇಳಿದ್ದು ಆಕೆಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ. ತಿಳಿದದ್ದು ಮಾತಿನಿಂದಲ್ಲ, ನಡೆಯಿಂದ. ಮಗ್ಗ ನಡೆಯುತ್ತಿದ್ದಾಗ ಮಾಳಿ ಎಷ್ಟು ಕೂಗಿದರೂ ಅಮೃತವ್ವ ತಿರುಗಿ ನೋಡಲಿಲ್ಲ, ರಾಮವ್ವನಿಗೂ ಓ ಅನ್ನಗೊಡಲಿಲ್ಲ. ನಿಂತಾಗ ಕರೆದರೆ ಮಾತ್ರ ಓಡಿಬಂದಳು. ಮೊದಮೊದಲು ಹುಡುಗಿ ಓಣಿ ಒಂದಾಗುವಂತೆ ಚೀರಿದಳು, ನೆಲಕ್ಕೆ ಬಿದ್ದು ಹೊರಳಾಡಿದಳು. ಆಮೇಲೆ ಚೀರುವುದು ಕಡಿಮೆಯಾಗುತ್ತ ಬಂದು ನಿಂತೇಹೋಯಿತು.

ಮಾಳಿ ಕಲಿತದ್ದು ಒಂದು ಹಿಡಿ ಹೆಚ್ಚೇ. ಸುತ್ತ ಇಷ್ಟು ಮಗ್ಗಗಳು ಬಡಿಯುತ್ತಿದ್ದರೂ ಅವ್ವನ ಮಗ್ಗದ ಸದ್ದನ್ನು ಬೇರೆ ಮಾಡಿ ಹಿಡಿಯುತ್ತಿದ್ದಳು. ಪಕ್ಕದ ಮನೆಯವರದು ಎಷ್ಟೇ ಬಡಿಯಲಿ, ಅದರ ಗೊಡವೆ ಆಕೆಗಿಲ್ಲ; ತನ್ನ ಮನೆಯದು ನಿಂತಿತೆಂದರೆ ಕರೆದಳೆಂದೇ ಲೆಕ್ಕ. ಕಂಡಿಕೆ ಬದಲಿಸಲು ನಿಂತದ್ದು ನಿಂತಂತಲ್ಲ, ಅವ್ವ ಕುಣಿಯಿಂದ ಕಾಲು ಮೇಲಕ್ಕೆ ಎಳೆದುಕೊಂಡಾಗಲೇ ನಿಂತಂತೆ ಅನ್ನುವುದೂ ಆಕೆಗೆ ಗೊತ್ತಾಯಿತು. ನಡುಮನೆಯ ಹೊಸ್ತಿಲಲ್ಲಿ ಬಂದು ಸುಮ್ಮನೆ ನಿಲ್ಲುವಳು. ಕಾಲು ಮೇಲೆ ಬಂದ ಗಳಿಗೆಗೆ "ಅವ್ವಾ, ನೀರ" ಅನ್ನುವಳು. ಅಮೀನಬಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಯಾ ಅಲ್ಲಾ, ನಮ್ಮ ಮನ್ಯಾಗಿನ ದೊಡ್ಡ ಮಂದೀಗೆ ಇಷ್ಟು ತಾಳ್ಮಿ ಇಲ್ಲ ನೋಡವ್ವಾ" ಅಂದಳು. ಅಮೃತವ್ವ ಹೆಮ್ಮೆಯಿಂದ ಉಬ್ಬಿದಳು.

ಮಂಜುಳಾ ಅಕ್ಕೋರು ಮಾತ್ರ ಪೂರ್ತಿ ಖುಷಿಪಡಲಿಲ್ಲ. "ಛಲೋ ಕಲ್ತಾಳ. ಆದ್ರ ಮಗ್ಗ ನಡದಾಗೂ ಒಂದೊಂದ ಸಲ ಓ ಅನ್ರಿ, ಅಮೃತವ್ವಾ. ಬಾಗಲಾ ಪೂರ್ತಿ ಹಾಕಬ್ಯಾಡ್ರಿ. ನಾಳೆ ಬಿದ್ದು ಕೈ ಮುರಕೊಂಡ್ರೂ ಆಕಿ ಕಾಯ್ತಾಳ" ಎಂದರು. "ಹೂಂನ್ರಿ, ಅನ್ನೋಣ" ಎಂದಳು ಅಮೃತವ್ವ. ಅನ್ನಲಿಲ್ಲ. ಅಷ್ಟು ಕಷ್ಟಪಟ್ಟು ತಂದ ಮೌನವನ್ನು ಕೈಯಾರೆ ಕೆಡಿಸುವವರು ಯಾರು? ನೇಕಾರರ ಮಕ್ಕಳೆಲ್ಲ ಹೀಗೆಯೇ ಬೆಳೆಯುತ್ತಾರೆ, ಅಪ್ಪ ಕುಣಿಯಲ್ಲಿದ್ದಾಗ ಗಲಾಟೆ ಮಾಡುವುದಿಲ್ಲ. ಆದರೆ ಮನೆಗೆ ಹಾವು ಬಂದರೆ ಮಗ್ಗವೂ ಇಲ್ಲ, ಮಣ್ಣೂ ಇಲ್ಲ ಅನ್ನುವುದು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾಳಿಗೆ ಅದನ್ನೂ ಹೇಳಿಕೊಡಬೇಕಾಗಿತ್ತು. ಆಮೇಲೆ ಯೋಜನೆಯ ಅವಧಿ ಮುಗಿದು ಅಕ್ಕೋರನ್ನು ಮುಂಡರಗಿಯ ಕಡೆ ಹಾಕಿದರು, ಅವರ ಬರುವಿಕೆ ಅಪರೂಪವಾಯಿತು.

ಮುಂದಿನ ಬೇಸಿಗೆ, ಮದುವೆಯ ದಿನಗಳು. ಲಕ್ಷ್ಮೇಶ್ವರದ ಒಂದು ಮನೆಯ ಮದುಮಗಳ ಸೀರೆ ಅಮೃತವ್ವನ ಮಗ್ಗದ ಮೇಲಿತ್ತು. ಅಂದು ಸಂಜೆಗೆ ಕೊಟ್ಟುಬಿಡಬೇಕು. ಅತ್ತೆ ಹಿರೇಹಂದಿಗೋಳಕ್ಕೆ ತಮ್ಮನ ಮನೆಗೆ ಹೋಗಿದ್ದಳು. ಮಾಳಿ ಹಿತ್ತಲಲ್ಲಿ ಕಟ್ಟಿಗೆ ಒಟ್ಟಿದ ಕಡೆ ಆಡುತ್ತಿದ್ದಳು. ಇನ್ನೊಂದು ಗೇಣು ಉಳಿದಿದ್ದಾಗ ಮಗಳು ಬಂದು ಹೊಸ್ತಿಲಲ್ಲಿ ನಿಂತದ್ದು ಅಮೃತವ್ವನ ಕಣ್ಣಂಚಿಗೆ ಬಿತ್ತು. ಲಂಗದ ತುದಿ ಕಂಡಿತು, ಅಷ್ಟೆ. ನೀರಿಗೆ ಬಂದಿದ್ದಾಳೆ, ಕಾಯಲಿ ಎಂದುಕೊಂಡಳು. ಕಂಡಿಕೆ ಮುಗಿಯಿತು, ಬದಲಿಸಿದಳು. ಹುಡುಗಿ ಸುಮ್ಮನೆ ನಿಂತೇ ಇದ್ದಳು. ಇನ್ನೊಂದು ಕಂಡಿಕೆಯೂ ಮುಗಿಯಿತು. ಎಂಥ ಶಾಣ್ಯಾ ಮಗಳು ನನ್ನದು ಎಂದು ಮನಸ್ಸು ತುಂಬಿಬಂದು ಅಮೃತವ್ವ ಇನ್ನಷ್ಟು ಜೋರಾಗಿ ತುಳಿದಳು. ಗೇಣು ನೇಯ್ದು ಮುಗಿಸಿ, ಸೊಂಟ ನೆಟ್ಟಗೆ ಮಾಡಿ, ಕಾಲು ಮೇಲೆ ಎಳೆದುಕೊಂಡಳು.

"ಅವ್ವಾ, ನೀರ" ಎಂದಳು ಮಾಳಿ.

ಆ ದನಿ ಕೇಳಿಯೇ ಅಮೃತವ್ವ ತಿರುಗಿದಳು. ಮಾಳಿಯ ಮೈ ಬೆವರಿನಲ್ಲಿ ತೊಯ್ದಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ತುಟಿ ಬೆಳ್ಳಗಾಗಿತ್ತು. ಎಡಗೈಯಿಂದ ಬಲಗೈಯ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು; ಆ ಬೆರಳು ಊದಿತ್ತು. ನೋವು ಅನ್ನುವ ಮಾತನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ತನಗೆ ಗೊತ್ತಿದ್ದ ಮಾತನ್ನು, ಕರೆಯಬೇಕಾದ ಹೊತ್ತಿಗೆ, ಸರಿಯಾಗಿಯೇ ಕರೆದಿದ್ದಳು. ಕಟ್ಟಿಗೆಯ ಸಂದಿಯಲ್ಲಿ ಸಣ್ಣ ಕೆಂಪು ಚೇಳು ಇದ್ದದ್ದು ಆಮೇಲೆ ಅಮೀನಬಿಯ ಕಣ್ಣಿಗೆ ಬಿತ್ತು.

ಅಮೀನಬಿಯ ಗಂಡನ ಗಾಡಿಯಲ್ಲಿ ಗಾದಿಯ ಮೇಲೆ ಹಾಕಿಕೊಂಡು ದವಾಖಾನೆಗೆ ಒಯ್ದರು. ಡಾಕ್ಟರು ನಾಡಿ ಹಿಡಿದವರೇ ಸಿಡುಕಿದರು. "ಕಡದು ತಾಸಿನ ಮ್ಯಾಲ ಆಗೇತಿ! ಇಷ್ಟೊತ್ತು ಎಲ್ಲಿದ್ರಿ? ಹುಡುಗಿ ಕೂಗಲಿಲ್ಲೇನು?"

"ಮಾತು ಬರಂಗಿಲ್ರಿ ಆಕಿಗೆ" ಎಂದಳು ಅಮೀನಬಿ, ಗೆಳತಿಯನ್ನು ಕಾಪಾಡಬೇಕೆಂದು.

"ಬರತೈತ್ರಿ" ಎಂದಳು ಅಮೃತವ್ವ. "ನನ್ನ ಮಗಳು ಮೂಗಿ ಅಲ್ರಿ. ಮಗ್ಗ ನಡದಿತ್ತು, ಅದಕ್ಕ ಕರೀಲಿಲ್ಲ." ಡಾಕ್ಟರಿಗೆ ಅದು ಹುಚ್ಚಿಯ ಮಾತಿನಂತೆ ಕೇಳಿತು. ಅವರು ಸೂಜಿಮದ್ದಿನ ಕಡೆ ತಿರುಗಿದರು.

ಮಾಳಿ ಉಳಿದಳು. ಎರಡು ದಿನ ಎದೆ ಕೋಳಿಮರಿಯ ಎದೆಯಂತೆ ಹಾರಿ, ಆಮೇಲೆ ಇಳಿಯಿತು. ಬದುಕಿ ಬಂದಳಲ್ಲ ಎಂದು ರಾಮವ್ವ ದೀಪ ಹಚ್ಚಿದಳು. ಅಮೃತವ್ವನ ಕಣ್ಣ ಮುಂದೆ ಮಾತ್ರ ಆ ಲಂಗದ ತುದಿಯೇ ನಿಂತಿತ್ತು. ಕಂಡಿದ್ದೆನಲ್ಲ, ಕಂಡೂ ನೇಯ್ದೆನಲ್ಲ ಎಂದು ಎದೆ ಬಡಿದುಕೊಂಡಳು. ಇನ್ನು ಮಗ್ಗ ನಡೆದಾಗಲೂ ಮಗಳು ಕರೆಯಲೇಬೇಕು, ಅದನ್ನು ಕಲಿಸದೆ ಬಿಡಲಾರೆ ಎಂದು ಆಣೆ ಹಾಕಿಕೊಂಡಳು. ಇಲ್ಲಿಯವರೆಗೆ ಆದದ್ದು ತಿಳಿಯದೆ ಆದ ತಪ್ಪು. ಇನ್ನು ಮುಂದಿನದು ಪ್ರೀತಿಯಿಂದ ಆದ ತಪ್ಪು, ಅದಕ್ಕೆ ಮದ್ದಿಲ್ಲ.

ಆಕೆ ಮುಂಡರಗಿಗೆ ಹೇಳಿಕಳಿಸಿ ಅಕ್ಕೋರಿಗಾಗಿ ಕಾಯಬಹುದಿತ್ತು. ಕಾಯುವ ಸಹನೆ ಉಳಿದಿರಲಿಲ್ಲ. ನೀರಿನಿಂದ ಬಂದ ಮಾತು ನೀರಿನಿಂದಲೇ ಬಂದೀತು ಎಂದು ಲೆಕ್ಕ ಹಾಕಿದಳು. ತುಂಬಿದ ತಂಬಿಗೆಯನ್ನು ಕುಣಿಯ ಅಂಚಿಗೆ, ತನ್ನ ಕೈಯಳತೆಯಲ್ಲಿಟ್ಟುಕೊಂಡು ತುಳಿಯತೊಡಗಿದಳು. ಮಾಳಿ ಬಂದು ಹೊಸ್ತಿಲಲ್ಲಿ ನಿಂತಳು. ತಂಬಿಗೆಯನ್ನು ನೋಡಿದಳು, ತುಟಿ ನೆಕ್ಕಿದಳು. ಕರೆಯಲಿಲ್ಲ.

"ಕರಿ, ಮಾಳಿ. ನೀರ ಅನ್ನು, ಕೊಡ್ತೀನಿ. ಈಗ ಅನ್ನು."

ಹುಡುಗಿ ಕಾಯುತ್ತಿದ್ದಳು. ಕಾಯುವುದನ್ನು ಆಕೆಗೆ ಕಲಿಸಿದವಳು ಅಲ್ಲೇ ಕೂತಿದ್ದಳು. ಬಿಸಿಲು ಏರಿತು. ರಾಮವ್ವ ಬಂದು "ಕೊಟ್ಟಬಿಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. "ಅತ್ತಿ, ನೀವು ನಡುವ ಬರಬ್ಯಾಡ್ರಿ. ಇವತ್ತ ಸೋತ್ರ ಆತು, ಮುಂದ ನಾ ಇಕಿನ್ನ ಮಣ್ಣಾಗ ಇಡಬೇಕಾಕ್ಕೈತಿ" ಎಂದು ಅಮೃತವ್ವ ಕಣ್ಣೊರೆಸಿಕೊಳ್ಳುತ್ತ ತುಳಿದಳು. ಮಾಳಿಯ ತುಟಿ ಒಡೆದವು, ಕಣ್ಣು ಮಸುಕಾದವು, ಆದರೂ ಹೊಸ್ತಿಲು ಬಿಟ್ಟು ಕದಲಲಿಲ್ಲ. ಸಂಜೆ ಮಗ್ಗ ನಿಂತ ಮೇಲಷ್ಟೇ ಕರೆದು ನೀರು ಕುಡಿದಳು. ಮರುದಿನವೂ ಹಾಗೆಯೇ. ಮೂರನೆಯ ದಿನ ತಾಯಿಯ ತಾಳ್ಮೆ ಹರಿದುಹೋಯಿತು. ಒಂದು ಕಾಲು ಮಗ್ಗ ತುಳಿಯುತ್ತಿದ್ದಂತೆಯೇ ಮಗಳ ರಟ್ಟೆ ಹಿಡಿದು ಎಳೆದು, "ಕರಿಯಲೇ! ಸಾಯ್ತಿಯೇನ ಹಂಗ ನಿಂತ?" ಎಂದು ಕೆನ್ನೆಗೆ ಬಾರಿಸಿದಳು. ಒಂದಲ್ಲ, ಕೈ ನೋಯುವಷ್ಟು ಬಾರಿಸಿದಳು. ಮಾಳಿ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

ಅಮೃತವ್ವ ಮಗ್ಗ ಬಿಟ್ಟು ಮೇಲೆದ್ದು, ಮಗಳನ್ನು ಅಪ್ಪಿಕೊಂಡು ಗೋಳಾಡಿದಳು. ತಂಬಿಗೆ ಬಾಯಿಗೆ ಹಿಡಿದಳು. ಮಾಳಿ ಗಟಗಟನೆ ಕುಡಿದಳು. ಏನೂ ಅನ್ನಲಿಲ್ಲ.

ಮರುದಿನ ಅಮೃತವ್ವ ಮಗ್ಗಕ್ಕೆ ಕೈ ಹಚ್ಚಲಿಲ್ಲ. ಕುಣಿಯ ಮೇಲೆ ಹಲಗೆ ಮುಚ್ಚಿ, ಮಗಳ ಎದುರಿಗೆ ಕೂತಳು. ಮಗ್ಗ ನಿಂತಿದೆ, ಇನ್ನು ಕರೆಯುತ್ತಾಳೆ. ಮಾಳಿ ಕೊಡದ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು, ಗೋಡೆಯಾಚೆಯಿಂದ ಬರುತ್ತಿದ್ದ ಖಟಪಟ ಸದ್ದಿಗೆ ತಲೆ ವಾಲಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಬೇರೆಯವರ ಮಗ್ಗ. ನಿನ್ನೆಯವರೆಗೆ ಆಕೆಗೆ ಅದರ ಗೊಡವೆಯೇ ಇರಲಿಲ್ಲ.

ಸುದ್ದಿ ಮುಟ್ಟಿ ಮಂಜುಳಾ ಅಕ್ಕೋರು ಬಂದಾಗ ವಾರ ಕಳೆದಿತ್ತು. ಎಲ್ಲವನ್ನೂ ಕೇಳಿ, ಮಾಳಿಯ ಹತ್ತಿರ ಹೋಗಿ ಕೂತರು. "ಮೊದಲ ಆ ಸದ್ದು ಆಕಿಗೆ ಕಾಯಿ ಅಂತಿತ್ತು" ಎಂದರು. "ಈಗ ಅಂಜು ಅಂತೈತಿ. ಕಾಯೂದಕ್ಕ ನಮ್ಮ ಮಗ್ಗ ಯಾವುದು, ಮಂದೀದು ಯಾವುದು ಅಂತ ಆರಿಸಿಕೊಳ್ಳೂ ಪುರಸತ್ತು ಇತ್ತು. ಅಂಜಿಕಿಗೆ ಎಲ್ಲಾ ಮಗ್ಗಾ ಒಂದ. ನನ್ನ ತಪ್ಪೂ ಐತಿ, ಅಮೃತವ್ವಾ. ಅರ್ಧಾ ಕಲಿಸಿ ಬಿಟ್ಟ ಹೋದೆ."

"ಈಗೇನ ಮಾಡೂದ್ರಿ ಅಕ್ಕೋರ?"

"ಮಗ್ಗ ಇಲ್ಲದ ಕಡೆ ಒಂದಷ್ಟು ತಿಂಗಳು ಇಟ್ಕೊಂಡು ಮತ್ತ ಮೊದಲಿಂದ ಶುರು ಮಾಡಬೇಕು. ಬೆಳ್ಳಟ್ಟಿಗೆ ಹೋಗಿ ಇರಾಕ ಆಗತೈತೇನು?"

ತವರಿನಲ್ಲಿ ತಾಯಿ ಇರಲಿಲ್ಲ. ಅಣ್ಣನ ಹೆಂಡತಿ ಮಾಳಿಯನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವವಳು. ಮಗ್ಗವನ್ನು ಹೊತ್ತುಕೊಂಡು ಹೋಗುವಂತಿಲ್ಲ, ಮುದುಕಿಯನ್ನು ಬಿಟ್ಟು ಹೋಗುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಅಮೃತವ್ವ ತಲೆ ಅಲ್ಲಾಡಿಸಿದಳು. ಅಕ್ಕೋರು ಬರುತ್ತಿರುತ್ತೇನೆ ಎಂದು ಹೇಳಿ ಹೋದರು. ಬಸ್ಸು ಸಿಕ್ಕಾಗ ಬಂದರು ಕೂಡ. ಆದರೆ ಓಣಿಯ ಕೊನೆಯ ಮಗ್ಗ ನಿಲ್ಲುವ ಹೊತ್ತಿಗೆ ಮಾಳಿ ಮಲಗಿಬಿಟ್ಟಿರುತ್ತಾಳೆ, ಆಕೆ ಏಳುವ ಮೊದಲೇ ಯಾರದೋ ಮಗ್ಗ ಎದ್ದಿರುತ್ತದೆ. ಓಣಿಯವರು ಮತ್ತೆ "ಮೂಗಿ" ಅನ್ನತೊಡಗಿದರು.

ಅಮಾವಾಸ್ಯೆಯ ದಿನ ಆ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಸುಮ್ಮನೆ ಬಿಡುತ್ತಾರೆ. ಆ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಅಮೃತವ್ವ ಒಲೆಯ ಮುಂದೆ ಕೂತಿದ್ದಾಗ ಬೆನ್ನ ಹಿಂದೆ "ಅವ್ವಾ" ಅನ್ನುವ ದನಿ ಕೇಳಿತು. ತಿರುಗಿದರೆ ಮಾಳಿ ಹೊಸ್ತಿಲಲ್ಲಿ ನಿಂತಿದ್ದಳು. ಅಮೃತವ್ವ ಓಡಿ ತಂಬಿಗೆ ತಂದು ಬಾಯಿಗೆ ಹಿಡಿದಳು. ಮಾಳಿ ಅದನ್ನು ದೂರ ಸರಿಸಿದಳು. ರೊಟ್ಟಿ ಮುರಿದು ಕೊಟ್ಟಳು, ಅದನ್ನೂ ಸರಿಸಿದಳು.

"ಅವ್ವಾ" ಎಂದಳು ಮತ್ತೆ.

ಬೇಕಾದದ್ದು ನೀರೂ ಅಲ್ಲ, ರೊಟ್ಟಿಯೂ ಅಲ್ಲ. ಅಮೃತವ್ವ ಅಲ್ಲೇ ನೆಲದ ಮೇಲೆ ಕೂತಳು, ಮಗಳು ಬಂದು ತೊಡೆಯ ಮೇಲೆ ತಲೆಯಿಟ್ಟಳು. ಆ ದಿನವೆಲ್ಲ ಆಕೆ ಕರೆಯುತ್ತಲೇ ಇದ್ದಳು, ಪ್ರತಿ ಸಲವೂ ಅಮೃತವ್ವ "ಓ" ಎಂದಳು. ಹೊಡೆದ ಕೈಯನ್ನೇ ಹಿಡಿದುಕೊಂಡು ಆಕೆ ಕರೆಯುತ್ತಿದ್ದಳು. ಇಷ್ಟು ದಿನ ಈ ಒಂದು ಮಾತನ್ನು ಒಳಗೆ ಹಿಡಿದಿಟ್ಟುಕೊಂಡು ನನ್ನ ಎದುರಿಗೇ ಓಡಾಡಿದ್ದಳೇ ಎಂದು ಅಮೃತವ್ವನಿಗೆ ಸಂಕಟ ತಡೆಯಲಾಗಲಿಲ್ಲ. ಸಂಜೆಯಾಗುತ್ತ ಬಂದಂತೆ, ನಸುಕಿಗೆ ಮಗ್ಗಗಳು ಏಳುತ್ತವೆ ಎಂದು ಅಮೃತವ್ವನಿಗೆ ಹೆದರಿಕೆ ಶುರುವಾಯಿತು. ಮಗಳು ನಿದ್ದೆಹೋದ ಮೇಲೂ ತಲೆಯನ್ನು ತೊಡೆಯಿಂದ ಇಳಿಸಲಿಲ್ಲ.

ಪಾಡ್ಯದ ನಸುಕಿಗೆ ಓಣಿಯ ತುದಿಯಲ್ಲಿ ಒಂದು ಮಗ್ಗ ಎದ್ದಿತು, ಅದರ ಹಿಂದೆ ಇನ್ನೊಂದು. ಮಾಳಿ ಕಣ್ಣು ತೆರೆದಳು. ಅವ್ವನ ಮುಖ ನೋಡಿದಳು, ಬಾಯಿ ಅರ್ಧ ತೆರೆದು ಮುಚ್ಚಿಕೊಂಡಳು. ಅಮೃತವ್ವ ಹಾಗೆಯೇ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು, ಮಗಳಿಗೆ ನೀರು ಕುಡಿಸಿ, ಹಲಗೆ ಸರಿಸಿ ಕುಣಿಗೆ ಇಳಿದಳು. ಮನೆಯಲ್ಲಿ ಮೂರು ಹೊಟ್ಟೆಗಳಿದ್ದವು, ಮುಂದಿನ ಅಮಾವಾಸ್ಯೆ ತಿಂಗಳ ದೂರದಲ್ಲಿತ್ತು.